ಕಂಪ್ಯೂಟರ್ ನುಂಗಿದ ಹೆಸರು

ಪಿಳ್ಳಮ್ಮನ ಹೆಸರನ್ನು ಕಂಪ್ಯೂಟರ್ ನುಂಗಲಿಲ್ಲ. ನಾನೇ ತೆಗೆಸಿದ್ದು. ನಮ್ಮ ಮನೆಯಲ್ಲಿ ಇವತ್ತಿಗೂ ಮೊಮ್ಮಗಳು ಮಂಜುಳನ ಲಗ್ನಪತ್ರಿಕೆಯ ಮಾತು ಬಂದರೆ ನನ್ನ ಮಗ ಕೃಷ್ಣಪ್ಪ, "ಕಂಪ್ಯೂಟರ್ ದೊಡ್ಡಮ್ಮನ ಹೆಸರು ನುಂಗಿಬಿಟ್ಟಿತ್ತು, ನಮ್ಮಮ್ಮ ಚಿಂತಾಮಣಿಗೆ ಹೋಗಿ ಕಕ್ಕಿಸ್ಕೊಂಡು ಬಂದ್ಲು" ಎಂದು ಹೇಳಿ ನಗುತ್ತಾನೆ. ನಾನೂ ನಗುತ್ತೇನೆ. ಈಗ ಹೇಳಿ ಬರೆಸಿದ್ದೇನೆ, ಅವನು ಓದಿದರೆ ಓದಲಿ.

ಹೋದ ವಾರ ಕರೆಂಟ್ ಬಿಲ್ಲು ಹುಡುಕುತ್ತಿದ್ದೆ. ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕಂಬಿ ಇದೆ. ಮುರಿದ ಕೊಡೆಯ ಕಡ್ಡಿಯನ್ನು ಬಗ್ಗಿಸಿ ನಮ್ಮ ಯಜಮಾನರು ಮಾಡಿದ್ದು. ಮನೆಗೆ ಬಂದ ಕಾಗದವೆಲ್ಲ ಅದಕ್ಕೆ ಚುಚ್ಚಿಸಿಕೊಳ್ಳಬೇಕು. ತಳದಲ್ಲಿ ನನ್ನ ತವರಿನಿಂದ ಬಂದ ಪೋಸ್ಟ್ ಕಾರ್ಡುಗಳು, ಅದರ ಮೇಲೆ ತಿಥಿಯ ಕಾರ್ಡುಗಳು, ಮದುವೆ ಕಾರ್ಡುಗಳು, ಮಧ್ಯೆ ಯಾರೋ ಚುನಾವಣೆಗೆ ನಿಂತವರ ಮುಖ. ಸತ್ತವರು, ಮದುವೆಯಾದವರು, ಸೋತವರು ಎಲ್ಲ ಒಂದೇ ಕಡ್ಡಿಗೆ. ಬಿಲ್ಲು ಎಳೆಯಲು ಹೋದರೆ ಗೂಟ ಸಮೇತ ಕಿತ್ತು ಬಂತು. ನೆಲದ ತುಂಬ ಹರಡಿದ ಕಾಗದದ ನಡುವೆ ಮಂಜುಳನ ಲಗ್ನಪತ್ರಿಕೆ. ಗಣಪತಿಯ ಸೊಂಡಿಲಿನ ತುದಿಯನ್ನು ಜಿರಲೆ ತಿಂದಿದೆ. ಕನ್ನಡಕ ಹಾಕಿಕೊಂಡು ಮೊದಲನೆಯ ಸಾಲು ನೋಡಿದೆ. ಅಕ್ಷರಗಳನ್ನು ಎಲ್ಲಿ ಹೊಲಿದಿದ್ದೇವೆ ಎಂದು ನನಗೇ ಗೊತ್ತಾಗಲಿಲ್ಲ. ಬಿಲ್ಲು ಹುಡುಕುವುದನ್ನು ಬಿಟ್ಟು ಅಲ್ಲೇ ಕೂತೆ.

ನನ್ನ ಓದು ಎರಡನೇ ಕ್ಲಾಸು, ಅದೂ ಪೂರ್ತಿ ಅಲ್ಲ. ನನ್ನ ತವರು ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಕಡೆ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ಮೇಷ್ಟ್ರು ಮರಳು ಹರಡಿ, ನನ್ನ ಬೆರಳು ಹಿಡಿದು ಅದುಮಿ ತಿದ್ದಿಸುತ್ತಿದ್ದರು. ಅಕ್ಷರ ತಪ್ಪಾದರೆ ಮರಳು ಬಿಸಿಲಿಗೆ ಕಾಯುವವರೆಗೆ ಕಾದು ಮತ್ತೆ ತಿದ್ದಿಸುತ್ತಿದ್ದರು. ನನಗೆ ತಮ್ಮ ಹುಟ್ಟಿದ. ಅವನನ್ನು ಸೊಂಟಕ್ಕೆ ಕೊಟ್ಟರು, ಪುಸ್ತಕ ಕಿತ್ತುಕೊಂಡರು. ಅದಕ್ಕೆ ನಾನು ಅಳಲಿಲ್ಲ. ತಮ್ಮ ಮರಳಿಗಿಂತ ತಣ್ಣಗಿದ್ದ. ಅಕ್ಷರ ಪೂರ್ತಿ ಬರಲಿಲ್ಲ, ಆಕಾರ ಮಾತ್ರ ಮರೆಯಲಿಲ್ಲ. ಚೆನ್ನಾಗಿ ಓದಿದವರು ಅಕ್ಷರ ನೋಡುವುದಿಲ್ಲ, ಸರ್ರನೆ ಮಾತಿಗೆ ಹೋಗಿಬಿಡುತ್ತಾರೆ. ನನ್ನಂಥವರು ಎತ್ತು ಕೊಳ್ಳುವವನು ಹಲ್ಲು ನೋಡಿದ ಹಾಗೆ ಒಂದೊಂದೇ ಅಕ್ಷರ ನೋಡುತ್ತೇವೆ.

ಲಗ್ನಪತ್ರಿಕೆಯನ್ನು ಮಾತ್ರ ಎಲ್ಲರೂ ನನ್ನ ಹಾಗೇ ಓದುತ್ತಾರೆ. ನಮ್ಮ ಕಡೆಯವರಿಗೆ ಕಾರ್ಡು ಕೊಟ್ಟು ನೋಡಿ. ಹುಡುಗ ಯಾರು, ಹುಡುಗಿ ಯಾರು ಎಂದು ನೋಡುವುದಿಲ್ಲ. ಮೊದಲು ತಮ್ಮ ಹೆಸರು ಇದೆಯೋ ಇಲ್ಲವೋ. ಆಮೇಲೆ ಯಾರ ಮೇಲೆ, ಯಾರ ಕೆಳಗೆ. ಮುಹೂರ್ತ ಎಷ್ಟು ಹೊತ್ತಿಗೆ ಎಂದು ಆಮೇಲೆ ಫೋನ್ ಮಾಡಿ ಕೇಳುತ್ತಾರೆ. ನಮ್ಮ ಊರಿನ ಒಬ್ಬರು, ತಮ್ಮನ ಹೆಸರಿನ ಕೆಳಗೆ ತನ್ನ ಹೆಸರು ಬಂದಿತೆಂದು, ಮದುವೆಗೆ ಬಂದು, ಚಪ್ಪರದಲ್ಲಿ ಎಲ್ಲರಿಗೂ ಕಾಣುವ ಹಾಗೆ ಊಟ ಮಾಡದೆ ಕೈ ತೊಳೆದುಕೊಂಡು ಹೋದರು. ಊಟ ಮಾಡದವರು ಕೈ ಯಾಕೆ ತೊಳೆದರು ಎಂದು ಇವತ್ತಿಗೂ ಜನ ಆಡಿಕೊಳ್ಳುತ್ತಾರೆ.

ಇದೆಲ್ಲ ಗೊತ್ತಿದ್ದೇ ತೆಗೆಸಿದೆ.

ಪಿಳ್ಳಮ್ಮ ನನ್ನ ಓರಗಿತ್ತಿ, ಯಜಮಾನರ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಶಿಡ್ಲಘಟ್ಟದ ಪಕ್ಕದ ಈ ಹಳ್ಳಿಗೆ ಬಂದಾಗ ಅವಳು ಬಂದು ಮೂರು ವರ್ಷವಾಗಿತ್ತು. ಕೃಷ್ಣಪ್ಪ ಹುಟ್ಟಿದಾಗ ನನಗೆ ಬಾಣಂತಿ ಜ್ವರ ಹತ್ತಿತು, ಹಾಲು ಬತ್ತಿತು. ಅವಳ ಮಗಳಿಗೆ ಆಗ ಆರು ತಿಂಗಳು. ಒಂದು ಕಡೆ ಆ ಮಗು, ಇನ್ನೊಂದು ಕಡೆ ನನ್ನ ಮಗು. ನಾಲ್ಕು ತಿಂಗಳು ಹಾಗೇ ಸಾಕಿದಳು. "ನಿನ್ ಮಗ ಕಚ್ಚತಾನೆ ಕಣೇ, ಥೇಟ್ ನಿನ್ ಥರಾನೇ" ಎಂದು ಬೈಯುತ್ತಲೇ ಕುಡಿಸಿದಳು. ಮುಂದೆ ಮನೆ ಪಾಲಾಯಿತು. ಅವರು ಅವಳ ತವರು ಸಾದಲಿಗೆ ಹೋಗಿ ಅಲ್ಲೇ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಮಾಡಿಕೊಂಡು ನಿಂತರು. ಹೋಗಿ ಬಂದು ಚೆನ್ನಾಗಿಯೇ ಇದ್ದೆವು, ನಮ್ಮತ್ತೆ ಸಾಯುವವರೆಗೆ.

ಅತ್ತೆ ನನ್ನ ಮನೆಯಲ್ಲೇ ಇದ್ದರು, ನನ್ನ ಕೈಯಲ್ಲೇ ಹೋದರು. ಹನ್ನೊಂದನೆಯ ದಿನ, ನೆಂಟರೆಲ್ಲ ಕೂತಿರುವಾಗ ಪಿಳ್ಳಮ್ಮ, "ಕೊನೆಗಾಲ್ದಾಗೆ ಮುದುಕಿಗೆ ಒಂದ್ ಲೋಟ ಗಂಜಿ ಕಾಯ್ಸಿಕೊಡೋರು ಗತಿ ಇರ್ಲಿಲ್ಲ" ಅಂದಳು. ಯಾರ ಹೆಸರೂ ಹೇಳಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಾನು ಗಂಜಿ ಕಾಯಿಸಿದ್ದೆ. ಮೂರು ತಿಂಗಳು, ದಿನಕ್ಕೆ ನಾಲ್ಕು ಸಲ. ಒಂದೆರಡು ದಿನ ಬೇಜಾರಾಗಿ ತಡ ಮಾಡಿದ್ದೂ ಹೌದು. ಅವಳು ಬರೀ ಸುಳ್ಳು ಹೇಳಿದ್ದರೆ ಜಗಳ ಮಾಡಿ ಮುಗಿಸುತ್ತಿದ್ದೆ. ಅದರಲ್ಲಿ ಚಿಟಿಕೆ ನಿಜ ಇತ್ತು, ಅದಕ್ಕೇ ಆರು ವರ್ಷ ಮಾತು ಬಿಟ್ಟೆ. ನಮ್ಮಿಬ್ಬರ ಯಜಮಾನರೂ ಆ ಆರು ವರ್ಷದಲ್ಲೇ ತೀರಿಕೊಂಡರು. ಎರಡು ಸಾವಿಗೂ ಹೋದೆವು, ಬಂದೆವು. ಮಾತು ಮಾತ್ರ ಆಡಲಿಲ್ಲ. ಕೃಷ್ಣಪ್ಪ ತಾನೊಬ್ಬನೇ ಸಾದಲಿಗೆ ಹೋಗಿ ಬರುತ್ತಿದ್ದ.

ಮಂಜುಳನಿಗೆ ಚಿಕ್ಕಬಳ್ಳಾಪುರದ ಹುಡುಗ ಗೊತ್ತಾದ. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ, ಫ್ಲಾಪಿ ಎಂಬ ಕಪ್ಪು ಚೌಕ ಇನ್ನೂ ಕಸಕ್ಕೆ ಹೋಗಿರಲಿಲ್ಲ. ಕೃಷ್ಣಪ್ಪ ಹೆಸರುಗಳ ಪಟ್ಟಿ ಬರೆದುಕೊಂಡು, ನನ್ನನ್ನೂ ಕರೆದುಕೊಂಡು ಚಿಕ್ಕಬಳ್ಳಾಪುರದ ಒಂದು ಡಿ.ಟಿ.ಪಿ. ಅಂಗಡಿಗೆ ಹೋದ. ಪಟ್ಟಿ ಕೊಟ್ಟು, "ಅಮ್ಮ, ಹೆಸ್ರೆಲ್ಲ ಸರಿ ಐತಾ ನೋಡ್ತಿರು, ಬಟ್ಟೆ ಅಂಗಡಿಗೆ ಹೋಗಿ ಬರ್ತೀನಿ" ಅಂದ. ಅಲ್ಲಿದ್ದ ಹುಡುಗಿ ಟಕಟಕ ಬಡಿದು, ಗಾಜಿನ ಮೇಲೆ ತೋರಿಸಿದಳು. 'ಸುಖಾಗಮನ ಬಯಸುವವರು' ಅನ್ನುವುದರ ಕೆಳಗೆ ಮೊದಲನೆಯ ಸಾಲೇ ಶ್ರೀಮತಿ ಪಿಳ್ಳಮ್ಮ. ಎರಡನೆಯದು ಶ್ರೀಮತಿ ನಾರಾಯಣಮ್ಮ, ಅಂದರೆ ನಾನು. ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟು "ಇದು ಬೇಡಮ್ಮ" ಅಂದೆ. ಹುಡುಗಿ ಒಂದು ಗುಂಡಿ ಒತ್ತಿದಳು. ಹೆಸರು ಹೋಯಿತು. ಕೆಳಗಿನ ಸಾಲುಗಳೆಲ್ಲ ತಾವಾಗಿಯೇ ಒಂದು ಮೆಟ್ಟಿಲು ಮೇಲೆ ಬಂದು ಕೂತವು, ಬಸ್ಸಿನಲ್ಲಿ ಸೀಟು ಖಾಲಿಯಾದರೆ ಜನ ಸರಿಯುವ ಹಾಗೆ. ಎಲೆಗೆ ಸುಣ್ಣ ಸವರುವಷ್ಟು ಹೊತ್ತಾಗಲಿಲ್ಲ.

ಕಾರ್ಡು ಅಚ್ಚಾಗಬೇಕಿದ್ದದ್ದು ಚಿಂತಾಮಣಿಯ ಪ್ರೆಸ್ಸಿನಲ್ಲಿ. ಅಂಗಡಿಯವರು ಫ್ಲಾಪಿಯೊಂದನ್ನೂ ನೋಡುವುದಕ್ಕೆ ಕಪ್ಪು ಬಿಳುಪಿನ ಒಂದು ಅಚ್ಚುಹಾಳೆಯನ್ನೂ ಕವರಿಗೆ ಹಾಕಿ ಕೊಟ್ಟರು. ಕೃಷ್ಣಪ್ಪ ಹಾಳೆ ಬಿಚ್ಚಿದ್ದು ಮನೆಗೆ ಬಂದ ಮೇಲೆ.

"ಅಮ್ಮ, ದೊಡ್ಡಮ್ಮನ ಹೆಸ್ರೆಲ್ಲಿ?"

"ಇಲ್ವಾ?" ಅಂದೆ. "ಕಂಪ್ಯೂಟರ್ ನುಂಗಿರ್ಬೇಕು ಕಣಪ್ಪ."

ನಂಬಿದ. ಆ ಕಾಲದಲ್ಲಿ ಕಂಪ್ಯೂಟರಿಗೂ ಕನ್ನಡಕ್ಕೂ ಅಷ್ಟಕ್ಕಷ್ಟೇ ಇತ್ತು. ಒಂದು ಕಡೆ ಬರೆದದ್ದನ್ನು ಇನ್ನೊಂದು ಕಡೆ ತೆಗೆದರೆ ಕನ್ನಡ ಹೋಗಿ ಇರುವೆ ಸಾಲಿನಂಥದ್ದು ಬರುತ್ತಿತ್ತು. ನಮ್ಮ ಬೀದಿಯವರ ಗೃಹಪ್ರವೇಶದ ಕಾರ್ಡಿನಲ್ಲಿ ಒತ್ತಕ್ಷರಗಳೆಲ್ಲ ಬಿದ್ದುಹೋಗಿ, ಅಪ್ಪಯ್ಯಪ್ಪ ಎನ್ನುವವರು ಅಪಯಪ ಆಗಿದ್ದರು. ನುಂಗುತ್ತದೆ ಅಂದರೆ ಯಾರೂ ಎದುರು ಕೇಳುತ್ತಿರಲಿಲ್ಲ.

ಆದರೆ ನನ್ನ ಮಗ ಸುಮ್ಮನಾಗಲಿಲ್ಲ. ಆ ಹಾಳೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವನು ಊಟಕ್ಕೆ ಏಳಲಿಲ್ಲ. ಸೊಸೆ ಎರಡು ಸಲ ಕರೆದಳು. "ನಂಗೆ ಹಾಲು ಕೊಟ್ಟೋಳ ಹೆಸ್ರಿಲ್ದೆ ನನ್ ಮಗಳ ಕಾರ್ಡಾ? ಯಾವ ಮುಖ ಇಟ್ಕೊಂಡು ಸಾದಲಿಗೆ ಹೋಗಿ ಕರೀಲಿ? ಬರ್ತಾಳಾ ಅವಳು?" ಅಂದ. ಐವತ್ತಕ್ಕೆ ಹತ್ತಿರವಾಗಿದ್ದವನು ಆ ಹಾಳೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ನಾನು ಒಳಗೆ ಹೋಗಿ ಅವನ ಊಟ ಮುಚ್ಚಿಟ್ಟೆ.

ಬೂತಿಗೆ ಹೋಗಿ ಅಂಗಡಿಗೆ ಫೋನ್ ಮಾಡಿದ. ಕಂಪ್ಯೂಟರಿನಲ್ಲಿ ಜಾಗ ಇರಲಿಲ್ಲ, ಮೂಲದ ಫೈಲು ಅಳಿಸಿಬಿಟ್ಟಿದ್ದೇವೆ, ಹೊಸದಾಗಿ ಮಾಡಲು ನಾಲ್ಕು ದಿನ ಬೇಕು ಎಂದರಂತೆ. ಪ್ರೆಸ್ಸಿನವರೋ ಮರುದಿನ ಸಂಜೆ ಅಚ್ಚಿನ ಪ್ಲೇಟ್ ಮಾಡುತ್ತೇವೆ, ಆ ಸರದಿ ತಪ್ಪಿದರೆ ಲಗ್ನದ ಕಾಲ, ಕಾರ್ಡು ಯಾವಾಗ ಸಿಕ್ಕುವುದೋ ಹೇಳಲಾಗದು ಎಂದರು. ಅವನೇ ಹೋಗುವ ಹಾಗಿರಲಿಲ್ಲ. ನಾವೂ ರೇಷ್ಮೆ ಸಾಕುವವರೇ, ಮನೆಯಲ್ಲಿ ಹುಳ ಹಣ್ಣಾಗಿತ್ತು. ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು, ಗೂಡು ಕಟ್ಟುವುದಕ್ಕೆ. ಒಂದು ದಿನ ಬಿಟ್ಟರೆ ಆ ಬೆಳೆ ಮುಗಿಯಿತು.

"ನೀನೇ ಹೋಗಮ್ಮ. ಹೆಂಗಾದ್ರೂ ಮಾಡಿ ಸೇರಿಸ್ಕೊಂಡು ಬಾ."

ಹೋದೆ. ಇನ್ನೇನು ಮಾಡಲಿ? ಕದ್ದವಳನ್ನೇ ಕಳ್ಳನನ್ನು ಹಿಡಿಯಲು ಕಳಿಸಿದ ಹಾಗೆ.

ಪ್ರೆಸ್ಸಿನ ಹಿಂದುಗಡೆಯ ಕೋಣೆಯಲ್ಲಿ ನಸೀಮಾ ಕೂತಿದ್ದಳು. ಮೂವತ್ತು ದಾಟಿದ ಹೆಂಗಸು. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕಾರ್ಡು ಮಾಡುವವಳು. ಅವಳ ಕಂಪ್ಯೂಟರಿಗೆ ಎಷ್ಟು ವಯಸ್ಸೋ, ಹೊಟ್ಟೆಯ ಮುಚ್ಚಳ ಬಿಚ್ಚಿಟ್ಟು ಒಳಗಿನ ಕರುಳಿಗೆ ಟೇಬಲ್ ಫ್ಯಾನ್ ತಿರುಗಿಸಿದ್ದಳು. ನನಗೆ ಸೆಖೆ, ಅದಕ್ಕೆ ಗಾಳಿ. ಫ್ಲಾಪಿ ಕೊಟ್ಟೆ.

"ಅಜ್ಜಿ, ಇದಕ್ಕೆ ಸುಣ್ಣ ಯಾಕೆ ಹಚ್ಚಿದೀರಿ?"

ಭದ್ರವಾಗಿರಲಿ ಎಂದು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದೆ. ಅವಳು ಊದಿದಳು, ತನ್ನ ದುಪಟ್ಟಾದ ಅಂಚಿನಲ್ಲಿ ಒರೆಸಿದಳು, ತೂರಿಸಿದಳು. ಓದಲಿಲ್ಲ. ಮತ್ತೆ ಊದಿದಳು. ಮೂರನೆಯ ಸಲಕ್ಕೆ ಅದು ಗರ್ ಗರ್ ಎಂದು ಹಲ್ಲು ಕಡಿದು ಒಪ್ಪಿಕೊಂಡಿತು. ಗಾಜಿನ ಮೇಲೆ ಒಂದು ಪುಟ್ಟ ಮರಳುಗಡಿಯಾರ ಬಂತು. ಅದು ಬಂದರೆ ನಾವು ಕಾಯಬೇಕಂತೆ. ಆ ದಿನ ನಾನು ಆ ಗಡಿಯಾರವನ್ನು ನೋಡಿದಷ್ಟು ನಸೀಮಾಳ ಮುಖವನ್ನೂ ನೋಡಿರಲಿಕ್ಕಿಲ್ಲ.

ಪತ್ರಿಕೆ ಮೇಲಿನಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಬಂತು. ಮೊದಲು ಗಣಪತಿಯ ಕಿರೀಟ, ಆಮೇಲೆ ಕಿವಿ, ಸೊಂಡಿಲು. ನಸೀಮಾ ಒಂದು ಅಕ್ಷರದ ಮೇಲೆ ಚಿಟುಕು ಅನ್ನಿಸಿ, ನಾಲಿಗೆ ಲೊಚಗುಟ್ಟಿದಳು.

"ಇವು ಅಕ್ಷರ ಅಲ್ಲ ಅಜ್ಜಿ."

"ನಂಗೆ ಅಕ್ಷರದ ಥರಾನೇ ಕಾಣ್ತದಲ್ಲಮ್ಮ."

"ಕಾಣೋಕೆ ಅಕ್ಷರ. ಒಳಗೆ ಬರೀ ಗೆರೆ. ಇದು ಪುಟವನ್ನ ಪ್ರಿಂಟರ್‌ಗೆ ಬಿಡಿಸಿ ಹೇಳೋ ಫೈಲು. ಇಲ್ಲಿಂದ ಗೆರೆ ಎಳಿ, ಇಲ್ಲಿ ಬಗ್ಗಿಸು, ಇಲ್ಲಿ ಮುಚ್ಚು, ಒಳಗೆ ಕಪ್ಪು ತುಂಬು, ಅಷ್ಟೇ. ಅವರ ಹತ್ರ ಇರೋ ಅಕ್ಷರ ನಮ್ಮ ಹತ್ರ ಇರಲ್ಲ ಅಂತ, ಕೆಡದೆ ಇರ್ಲಿ ಅಂತ, ಎಲ್ಲಾ ಗೆರೆ ಮಾಡಿ ಕಳಿಸಿದಾರೆ. ಗಣಪತೀನೂ ಗೆರೇನೇ, ನಿಮ್ಮ ಹೆಸರೂ ಗೆರೇನೇ."

ಅಂದರೆ ಗಾರೆಯವನಿಗೆ ಮನೆ ಕಟ್ಟು ಎನ್ನದೆ, ಇಲ್ಲಿ ಒಂದು ಕಲ್ಲಿಡು, ಅದರ ಪಕ್ಕ ಇನ್ನೊಂದಿಡು ಎಂದು ಕೊನೆಯವರೆಗೂ ಹೇಳಿದ ಹಾಗೆ. ಅವನಿಗೆ ತಾನು ಕಟ್ಟಿದ್ದು ದೇವಸ್ಥಾನವೋ ದನದ ಕೊಟ್ಟಿಗೆಯೋ ಗೊತ್ತಿರುವುದಿಲ್ಲ. ಪರವಾಗಿಲ್ಲ, ನನಗೆ ಅರ್ಥವಾಯಿತು. ನಾನು ಅಕ್ಷರ ಕಲಿತದ್ದೂ ಹಾಗೇ ಅಲ್ಲವೆ.

ನಸೀಮಾ ತನ್ನಲ್ಲಿದ್ದ ಅಕ್ಷರದಲ್ಲಿ 'ಶ್ರೀಮತಿ ಪಿಳ್ಳಮ್ಮ' ಎಂದು ಬಡಿದು ಕೊನೆಯ ಸಾಲಿನ ಕೆಳಗೆ ಇಟ್ಟಳು. ಎರಡು ನಿಮಿಷದ ಕೆಲಸ. ಉಳಿದ ಹೆಸರುಗಳೆಲ್ಲ ತೆಳ್ಳಗೆ, ಸ್ವಲ್ಪ ಬಾಗಿ ನಿಂತಿದ್ದವು. ಇದು ಮಾತ್ರ ದಪ್ಪಗೆ ಕರ್ರಗೆ, ಹೊಸಿಲ ಆಚೆ ನಿಂತ ಪರಊರಿನವಳ ಹಾಗೆ ಕಂಡಿತು.

"ಬೇಡ" ಅಂದೆ. "ಆಮೇಲೆ ತಂದು ಸಿಕ್ಕಿಸಿದ್ದು ಅಂತ ನೋಡಿದ ತಕ್ಷಣ ಗೊತ್ತಾಗ್ತದೆ. ಅವಳ ಕಣ್ಣು ನಿಂಗೆ ಗೊತ್ತಿಲ್ಲ ತಾಯಿ. ಒಂದು ಕುಕ್ಕೆ ಗೂಡಲ್ಲಿ ಎರಡು ಹುಳ ಸೇರಿ ಕಟ್ಟಿದ ಒಂದೇ ಒಂದು ಗೂಡನ್ನ ಎತ್ತಿ ಬಿಸಾಕ್ತಾಳೆ."

"ಬೇರೆ ದಾರಿ ಇಲ್ಲ ಅಜ್ಜಿ. ಈ ಅಕ್ಷರ ನನ್ನ ಹತ್ರ ಇಲ್ಲ."

"ಇಲ್ಲೇ ಇದಾವಲ್ಲ ಇಷ್ಟೊಂದು" ಎಂದು ಗಾಜು ತೋರಿಸಿದೆ. "ಇವರದ್ದೇ ಒಂದೊಂದು ತಗೋ."

ನಸೀಮಾ ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ ಕುರ್ಚಿ ಎಳೆದು, "ಕೂತ್ಕೊಳ್ಳಿ ಪಕ್ಕಕ್ಕೆ. ಹುಡುಕಿ ಕೊಡಿ, ಕಿತ್ತು ಕೊಡ್ತೀನಿ" ಅಂದಳು. ಆಗ ಬೆಳಿಗ್ಗೆ ಹತ್ತೂವರೆ. ಎದ್ದದ್ದು ಸಂಜೆ ಐದಕ್ಕೆ.

'ಶ್ರೀಮತಿ'ಯೂ 'ಮ್ಮ'ವೂ ನನ್ನ ಹೆಸರಿನಲ್ಲೇ ಇದ್ದವು. 'ಳ್ಳ' ಬೇಕಿತ್ತು; ಗಂಡಿನ ಊರು ಚಿಕ್ಕಬಳ್ಳಾಪುರದ ಹೊಟ್ಟೆಯಲ್ಲಿ ಸಿಕ್ಕಿತು. ಆದರೆ ಅದಕ್ಕೆ ಅಲ್ಲಿ ದೀರ್ಘ ಅಂಟಿಕೊಂಡಿತ್ತು. ನಸೀಮಾ ಆ ಪದವನ್ನು ಒಡೆದಳು. ಒಡೆದ ಕೂಡಲೆ ಅಕ್ಷರಗಳ ಹೊಟ್ಟೆಯ ತೂತುಗಳೆಲ್ಲ ಮುಚ್ಚಿಕೊಂಡು, ಒಂದೊಂದೂ ಹುರಿದ ಹುಣಸೆಬೀಜದ ಹಾಗೆ ಕರ್ರಗಾದವು. "ಚಿಕ್ಕಬಳ್ಳಾಪುರಾನೇ ಹೋಯ್ತಲ್ಲಮ್ಮ" ಅಂದೆ. "ಹೆದರಬೇಡಿ, ತೂತೂ ಒಂದು ಗೆರೇನೇ. ಮತ್ತೆ ಜೋಡಿಸಿದ್ರೆ ಬಿಳಿ ಆಗ್ತದೆ" ಅಂದಳು. ದೀರ್ಘ ಕಿತ್ತ ಮೇಲೆ 'ಳ' ತಲೆಯಿಲ್ಲದೆ ನಿಂತಿತು. ತಲೆಕಟ್ಟು ಬೇಕು. ನಾನು ಮೇಲೆ 'ದಿವಂಗತ' ಎಂದು ಹಾಕಿದ್ದ ಒಂದು ಹೆಸರಿನ ಕೊನೆಯ 'ಪ್ಪ'ದ ಮೇಲೆ ಬೆರಳಿಟ್ಟೆ.

"ಯಾರ ಹೆಸರು ಅಜ್ಜಿ ಇದು?"

"ಅವರ್ದು."

"ಅವರ್ದು ಅಂದ್ರೆ?"

"ಓದ್ಕೋ ನೀನೇ. ನಾನು ಹೇಳಲ್ಲ."

ಗಂಡನ ಹೆಸರು ಬಾಯಲ್ಲಿ ಹೇಳದವಳು, ಅವರ ತಲೆಕಟ್ಟು ಕಿತ್ತುಕೊಳ್ಳಲು ಹಿಂದೆಮುಂದೆ ನೋಡಲಿಲ್ಲ. ಕಿತ್ತದ್ದು ನಕಲು ಮಾತ್ರ, ಅವರದ್ದು ಅವರಿಗೇ ಇರುತ್ತದೆ ಎಂದು ನಸೀಮಾ ಸಮಾಧಾನ ಹೇಳಿದಳು.

ಇನ್ನು ಉಳಿದದ್ದು 'ಪಿ'. ಇಡೀ ಪತ್ರಿಕೆಯಲ್ಲಿ ಒಂದು 'ಪಿ' ಇರಲಿಲ್ಲ. ಹುಡುಕಿ ಹುಡುಕಿ ಕಣ್ಣಲ್ಲಿ ನೀರು ಬಂತು. ಕೊನೆಗೆ ತಲೆಯ ಮೇಲಿದ್ದ 'ಪ್ರೀತಿಯ ಕರೆಯೋಲೆ' ಎನ್ನುವುದು ಕಂಡಿತು. "ಇದರ ಕೆಳಗಿನ ಕೊಕ್ಕೆ ತೆಗಿ, ಪಕ್ಕದ ಬಾಲ ತೆಗಿ" ಅಂದೆ. ತೆಗೆದಳು. 'ಪಿ' ನಿಂತಿತ್ತು.

"ವಾಹ್ ಅಜ್ಜಿ, ಪ್ರೀತಿಯಿಂದ ತೆಗೆದ್ರಿ" ಎಂದು ನಕ್ಕಳು.

"ಇನ್ನೆಲ್ಲೂ ಇರ್ಲಿಲ್ಲ, ತೆಗೆದೆ. ಸುಮ್ನೆ ಕೆಲ್ಸ ನೋಡು."

ಈ ಕೆಲಸ ಹೇಳಿದಷ್ಟು ಸಲೀಸಲ್ಲ. ತಲೆಯ ಮೇಲಿನದು ದೊಡ್ಡ ಅಕ್ಷರ, ಕುಗ್ಗಿಸಿದರೆ ಗೆರೆ ಬಡಕಲಾಗುತ್ತಿತ್ತು. ಅದನ್ನು ಕೂದಲೆಳೆಯಷ್ಟು ದಪ್ಪ ಮಾಡಬೇಕು. ಒಂದನ್ನು ಎಳೆದರೆ ಮರಳುಗಡಿಯಾರ. ಒಂದನ್ನು ಬಿಟ್ಟರೆ ಮರಳುಗಡಿಯಾರ. ಮಧ್ಯೆ ಕರೆಂಟು ಹೋಗಿ, ಸ್ವಲ್ಪ ಹೊತ್ತು ಕರೆಂಟು ಹಿಡಿದಿಡುವ ಪಕ್ಕದ ಡಬ್ಬಿ ಕೀಕೀ ಎಂದು ಅರಚಿಕೊಂಡಿತು. ನಸೀಮಾ ದೇವರ ಹೆಸರು ಹೇಳುತ್ತ ಉಳಿಸುವ ಗುಂಡಿ ಒತ್ತಿದಳು. ಆ ಗುಂಡಿಗೂ ಮರಳುಗಡಿಯಾರ.

ಆ ನಿಧಾನಕ್ಕೆ ನಾನು ಋಣಿ. ಸುಮ್ಮನೆ ಹೇಳುತ್ತಿಲ್ಲ. ಈಗಿನ ಹಾಗೆ ಚಿಟುಕು ಹೊಡೆದರೆ ಆಗುವ ಯಂತ್ರವಾಗಿದ್ದಿದ್ದರೆ, ಹೆಸರು ಸೇರಿಸಿಕೊಂಡು, ಕಂಪ್ಯೂಟರನ್ನು ಬೈದುಕೊಂಡು ಹನ್ನೊಂದರ ಬಸ್ಸಿಗೆ ವಾಪಸು ಬರುತ್ತಿದ್ದೆ. ಕಾಯುವಾಗ ಬಾಯಿ ಸುಮ್ಮನಿರುವುದಿಲ್ಲ. ಪಿಳ್ಳಮ್ಮ ಯಾರು ಎಂದು ನಸೀಮಾ ಕೇಳಿದಳು. ಒಂದು ಮರಳುಗಡಿಯಾರಕ್ಕೆ ಓರಗಿತ್ತಿ ಎಂದೆ. ಇನ್ನೊಂದಕ್ಕೆ ಗಂಜಿಯ ಕಥೆ ಹೇಳಿದೆ. ತಡ ಮಾಡಿದ ಎರಡು ದಿನವನ್ನೂ ಹೇಳಿದೆ, ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಕರೆಂಟು ಹೋದಾಗ ಹಾಲಿನ ವಿಷಯ ಬಂತು. ಅದು ಹೇಳುವಾಗ, ಅವಳು ಕಚ್ಚಿಸಿಕೊಂಡು ಬೈಯುತ್ತಿದ್ದದ್ದು ನೆನಪಾಗಿ ನಗು ಬಂತು. ನಗುತ್ತಲೇ, "ಹೆಸರು ಕಂಪ್ಯೂಟರ್ ನುಂಗಿಲ್ಲಮ್ಮ, ನಾನೇ ತೆಗೆಸ್ದೆ" ಅಂದೆ.

ನಸೀಮಾ ಗಾಜಿನಿಂದ ಕಣ್ಣು ತೆಗೆಯಲೇ ಇಲ್ಲ. "ಗೊತ್ತು ಬಿಡಿ" ಅಂದಳು. "ಇಷ್ಟು ವರ್ಷದಿಂದ ಇಲ್ಲಿ ಕೂತು ನೋಡ್ತಿದೀನಿ ಅಜ್ಜಿ. ಕಂಪ್ಯೂಟರ್ ನುಂಗೋದು ಬರೀ ಓರಗಿತ್ತೀರ ಹೆಸರು, ಷಡ್ಡಕರ ಹೆಸರು. ಮಂತ್ರಿಗಳ ಹೆಸರು ಒಂದು ದಿನಾನೂ ನುಂಗಿಲ್ಲ."

ಇಬ್ಬರೂ ನಕ್ಕೆವು. ಆರು ವರ್ಷದ ಮುಳ್ಳು ಇಷ್ಟು ಸಣ್ಣದಾ ಎಂದು ನನಗೇ ನಾಚಿಕೆಯಾಯಿತು.

ಹೆಸರು ಸಿದ್ಧವಾಯಿತು. ಇಡುವುದೆಲ್ಲಿ? ಕೊನೆಯಲ್ಲಿ ಮಾತ್ರ ಜಾಗವಿತ್ತು. "ಕೊನೇಲಿ ಇಟ್ರೆ ಈಗಲೇ ಮುಗೀತು" ಅಂದಳು ನಸೀಮಾ. ಪಿಳ್ಳಮ್ಮ ಮನೆಯ ಹಿರಿಯ ಸೊಸೆ. ಅವಳನ್ನು ಕೊನೆಗೆ ಹಾಕುವುದಕ್ಕಿಂತ ಬಿಡುವುದೇ ಮರ್ಯಾದೆ. ಮೇಲೆ ಇಡಬೇಕಾದರೆ ಕೆಳಗಿನ ಹದಿನಾಲ್ಕು ಸಾಲನ್ನೂ ಇಳಿಸಬೇಕು. ನಸೀಮಾ ಅದನ್ನೂ ಮಾಡಿ ನೋಡಿದಳು. ಇಡೀ ಗುಂಪಿನ ಸುತ್ತ ಗೆರೆ ಹಾಕಿ ಎಳೆದರೆ, ಒತ್ತಕ್ಷರಗಳು ಅರ್ಧ ಮೇಲೇ ಉಳಿದವು. ಅಪ್ಪಯ್ಯಪ್ಪನಿಗೆ ಆದದ್ದು ಹೇಗೆ ಎಂದು ಆಗ ತಿಳಿಯಿತು. ಎಳೆದದ್ದನ್ನು ವಾಪಸು ಮಾಡಲು ಅರ್ಧ ಗಂಟೆ ಹಿಡಿಯಿತು. ನಾಲ್ಕು ಗಂಟೆಯಾಗಿತ್ತು. ಪ್ಲೇಟ್ ಮಾಡುವವರು ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು.

"ನಂದು ಎತ್ತಿ ಕೊನೇಲಿ ಹಾಕು. ನನ್ ಜಾಗದಾಗೆ ಅವಳನ್ನ ಕೂರಿಸು" ಅಂದೆ.

"ಹೆಣ್ಣಿನ ಅಜ್ಜಿ ಕೊನೇಲಾ?"

"ಹದಿನಾಲ್ಕು ಸಾಲು ಎಳೆಯೋದು ಸುಲಭಾನೋ, ಒಂದು ಸಾಲು ಎಳೆಯೋದು ಸುಲಭಾನೋ?"

ದೊಡ್ಡ ಮನಸ್ಸು ಮಾಡಿದೆ ಎಂದು ತಿಳಿಯಬೇಡಿ. ಬಸ್ಸಿನ ಹೊತ್ತಾಗಿತ್ತು, ಸೊಂಟ ನೋಯುತ್ತಿತ್ತು. ನಸೀಮಾ ನನ್ನ ಹೆಸರನ್ನು ಒತ್ತು ಸಮೇತ ಜೋಪಾನವಾಗಿ ಎತ್ತಿ, ಪತ್ರಿಕೆಯ ಉದ್ದಕ್ಕೂ ಇಳಿಸಿ, ತಳದಲ್ಲಿ ಕೂರಿಸಿದಳು. ಖಾಲಿಯಾದ ಜಾಗಕ್ಕೆ ಪಿಳ್ಳಮ್ಮ ಬಂದಳು. ಆ ಫೈಲನ್ನು ಪ್ಲೇಟಿನವರಿಗೆ ಬೇಕಾದ ಹಾಗೆ ಮತ್ತೆ ತಿರುಗಿಸಲು ಇನ್ನೊಂದು ಇಪ್ಪತ್ತು ನಿಮಿಷ. ಎರಡು ಸಲ ಆಗುವುದಿಲ್ಲ ಎಂದಿತು. ಮೂರನೆಯ ಸಲ ಗಣಪತಿಯ ಹಿಂದಿನ ಬಣ್ಣದ ಚಿತ್ತಾರ ತೆಗೆದು ಹಾಕಿದ ಮೇಲೆ ಆಯಿತು. ಹಾಗಾಗಿ ಮಂಜುಳನ ಕಾರ್ಡಿನಲ್ಲಿ ಗಣಪತಿಗೆ ಪ್ರಭಾವಳಿ ಇಲ್ಲ. ಇದುವರೆಗೆ ಯಾರೂ ಕೇಳಿಲ್ಲ. ಗಣಪತಿಯನ್ನು ಯಾರು ನೋಡುತ್ತಾರೆ?

ನಸೀಮಾ ಹಾಳೆ ತೆಗೆದು ಕೈಗೆ ಕೊಟ್ಟಳು. ಬಿಸಿಯಾಗಿತ್ತು. ಬೆಳಕಿಗೆ ಹಿಡಿದು ಮೊದಲನೆಯ ಸಾಲನ್ನು ಹಲ್ಲು ನೋಡುವ ಹಾಗೆ ನೋಡಿದೆ. ನನ್ನ ಬಾಲ, ಅವರ ತಲೆಕಟ್ಟು, ಬೀಗರ ಊರಿನ ಹೊಟ್ಟೆ, ಎಲ್ಲ ಸೇರಿ ಅವಳಾಗಿದ್ದವು. ಎಲ್ಲೂ ಹೊಲಿಗೆ ಕಾಣಲಿಲ್ಲ. ನಮ್ಮ ಕಡೆ ಉಪಕಾರ ಮಾಡಿದವರಿಗೆ ಬಾಯಿಬಿಟ್ಟು ಹೇಳುವ ರೂಢಿ ಕಡಿಮೆ. "ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ" ಅಂದೆ, ಎರಡು ಎಲೆ ಮಡಿಸಿ ಕೊಟ್ಟೆ. ಅಗಿಯುತ್ತ, "ಕಾರ್ಡು ಬರೋದು ವಾರ ಆಗ್ತದೆ ಅಜ್ಜಿ. ಅಷ್ಟರಲ್ಲಿ ಕಂಪ್ಯೂಟರ್ ಮೇಲಿನ ಕೇಸು ವಾಪಸು ತಗೊಳ್ಳಿ" ಅಂದಳು. ಆಮೇಲೆ ಎಷ್ಟೋ ಸಲ ಚಿಂತಾಮಣಿಗೆ ಹೋದೆ. ಆ ಪ್ರೆಸ್ಸು ಈಗ ಅಲ್ಲಿಲ್ಲ. ಅವಳೆಲ್ಲಿದ್ದರೂ ಚೆನ್ನಾಗಿರಲಿ.

ಮನೆಗೆ ಬಂದು ಹಾಳೆ ಕೊಟ್ಟಾಗ ಕೃಷ್ಣಪ್ಪ ಚಂದ್ರಿಕೆಗಳ ನಡುವೆ ಕೂತಿದ್ದ. ಮೊದಲನೆಯ ಸಾಲು ಓದಿ ಎರಡು ಕೈಯಲ್ಲೂ ಮುಖ ಒರೆಸಿಕೊಂಡ. "ನೀನಿಲ್ದಿದ್ರೆ ಏನಾಗ್ತಿತ್ತಮ್ಮ" ಅಂದ. ಅಂಥ ಮಾತು ಅವನು ನನಗೆ ಹೇಳಿದ್ದು ಅದೊಂದೇ ಸಲ. ನುಂಗುವುದು ಎಂದರೆ ಏನೆಂದು ನನಗೆ ಗೊತ್ತಾದದ್ದು ಆಗ.

ಮರುದಿನ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಸಾದಲಿಗೆ ಹೋದೆ. ಪಿಳ್ಳಮ್ಮ ಹುಳದ ಮನೆಯಲ್ಲಿದ್ದಳು. ನೊಣ ಬಾರದ ಹಾಗೆ ಬಾಗಿಲಿಗೆ ಜಾಲರಿ ಹಾಕಿತ್ತು. ಅವಳು ಒಳಗೆ, ನಾನು ಹೊರಗೆ. ಕೊನೆಯ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳ ಸೊಪ್ಪು ತಿನ್ನುವ ಸದ್ದು ಸೋನೆಯ ಹಾಗೆ ಕೇಳುತ್ತಿತ್ತು.

"ಯಾರು?"

"ನಾನು."

"ಏನ್ ಬಂದೆ?"

"ಮಂಜುಳನ ಮದ್ವೆಗೆ ಕರೆಯೋಕೆ ಬಂದೆ ಅಕ್ಕ. ಕಾರ್ಡಲ್ಲಿ ನಿನ್ ಹೆಸ್ರು ತೆಗೆಸಿದ್ದೆ. ನಾನೇ. ನಿನ್ನೆ ಹೋಗಿ ಹಾಕಿಸ್ದೆ. ಕೃಷ್ಣಂಗೆ ಗೊತ್ತಿಲ್ಲ."

"ಎಲ್ಲಿ ಹಾಕಿಸ್ದೆ?"

"ಮೊದಲ್ನೇ ಸಾಲು."

"ನಿಂದು?"

"ಕೊನೇದು."

"ಥೂ, ಬುದ್ಧಿ ಇಲ್ದೋಳೆ!" ಪಿಳ್ಳಮ್ಮ ಜಾಲರಿಯ ಹತ್ತಿರಕ್ಕೇ ಬಂದಳು. "ಹೆಣ್ಣಿನ ಅಜ್ಜೀನ ಕೊನೇಲಿ ಹಾಕಿದ್ರೆ ಬೀಗರು ಏನಂದ್ಕೋತಾರೆ? ಯಾವಾಗ್ ಬರ್ತದೆ ನಿಂಗೆ ತಿಳುವಳಿಕೆ?"

ಗಂಜಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹುಳಕ್ಕೆ ರೋಗ ತಗಲುತ್ತದೆಂದು ಹುಳದ ಮನೆಯೊಳಗೆ ಹೊರಗಿನವರನ್ನು ಯಾರೂ ಬಿಟ್ಟುಕೊಳ್ಳುವುದಿಲ್ಲ. ನೆಂಟರಾದರೂ ಅಂಗಳದಲ್ಲೇ ಮಾತಾಡಿಸಿ ಕಳಿಸುತ್ತಾರೆ. ಪಿಳ್ಳಮ್ಮ ಚಿಲಕ ತೆಗೆದು ಜಾಲರಿಯನ್ನು ಒಂದಾಳು ನುಸುಳುವಷ್ಟು ಸರಿಸಿದಳು.

"ನಿಂತ್ಕೊಂಡು ಏನ್ ನೋಡ್ತೀಯ? ಸೊಪ್ಪು ಹಾಕೋ ಹೊತ್ತು. ಕಾಲು ತೊಳ್ಕೊಂಡು ಬಾ."

ತೊಟ್ಟಿಯ ಹತ್ತಿರ ಹೋಗಿ ಮೊಣಕಾಲಿನವರೆಗೆ ತೊಳೆದೆ, ಕೈ ತೊಳೆದೆ. ಬಾಯಲ್ಲಿದ್ದ ಎಲೆಯನ್ನು ಉಗುಳಿ ಮುಕ್ಕಳಿಸಿದೆ. ಸೆರಗು ಸಿಕ್ಕಿಸಿ, ಒಳಗೆ ಹೋಗಿ, ಸೊಪ್ಪಿನ ಕುಕ್ಕೆ ಎತ್ತಿಕೊಂಡು ಅವಳು ಹಾಕುತ್ತಿದ್ದ ತಟ್ಟೆಗೇ ಎದುರು ಬದಿಯಿಂದ ಹಾಕುತ್ತ ಬಂದೆ.